ಎಲ್ಲರೂ ಓದಿದ ಮೇಲೂ ಅಂತರ ಏಕೆ ಉಳಿಯಿತು?

ಪ್ರಶ್ನೆ: ನಮ್ಮ ತಾತ ಹೆಬ್ಬೆಟ್ಟು. ಅಪ್ಪ ಏಳನೇ ಇಯತ್ತೆಗೆ ಶಾಲೆ ಬಿಟ್ಟರು. ನಾನು ಎಂ.ಎ., ಬಿ.ಎಡ್. ಮುಗಿಸಿ ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೇನೆ. ತಾತ ಯಾರ ಹೊಲದಲ್ಲಿ ದುಡಿಯುತ್ತಿದ್ದರೋ ಆ ಮನೆಯ ಮೊಮ್ಮಗ ಈಗ ಬೆಂಗಳೂರಿನಲ್ಲಿ ಡಾಕ್ಟರು. ಮೂರು ತಲೆಮಾರು ಕಳೆದರೂ ನಮ್ಮೆರಡು ಮನೆಗಳ ನಡುವಿನ ಅಂತರ ಕಡಿಮೆಯಾದಂತೆ ಕಾಣುತ್ತಿಲ್ಲ. ಶಿಕ್ಷಣದಿಂದ ಅಸಮಾನತೆ ಅಳಿಯುತ್ತದೆ ಎಂಬ ಮಾತು ನಿಜವೇ? ಸಮಾಜವಿಜ್ಞಾನಿಗಳು ಏನು ಹೇಳುತ್ತಾರೆ? ಇದರಲ್ಲಿ ರಾಜಕೀಯದ ಪಾಲೆಷ್ಟು?
— ಓದುಗರೊಬ್ಬರು, ಸಿಂಧನೂರು

ಉತ್ತರ: ಶಿಕ್ಷಣ ಬಡತನವನ್ನು ಕಡಿಮೆ ಮಾಡಬಲ್ಲದು, ಅಸಮಾನತೆಯನ್ನು ತಾನೊಂದೇ ಕಡಿಮೆ ಮಾಡಲಾರದು. ನಿಮ್ಮ ಮನೆಯ ಕಥೆಯಲ್ಲೇ ಈ ಎರಡೂ ಇವೆ. ತಾತ ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು, ನೀವು ತರಗತಿಯಲ್ಲಿ ನಿಂತು ಮಕ್ಕಳಿಗೆ ಓದು ಕಲಿಸುತ್ತೀರಿ. ಇದು ಸಣ್ಣ ಬದಲಾವಣೆಯಲ್ಲ. ಆದರೆ ನೀವು ಮುಂದೆ ಬಂದ ಅದೇ ಅವಧಿಯಲ್ಲಿ ಆ ಇನ್ನೊಂದು ಮನೆಯೂ ಮುಂದೆ ಹೋಗಿದೆ. ಹಾಗಾಗಿ ಅಂತರ ಉಳಿದಿದೆ.

ಶಾಲೆ ಎಷ್ಟು ಸಮಾನತೆ ತರಬಲ್ಲದು ಎನ್ನುವುದು ಶಾಲೆಯ ಒಳಗೆ ತೀರ್ಮಾನವಾಗುವುದಿಲ್ಲ. ಭೂಮಿ ಯಾರ ಹೆಸರಲ್ಲಿದೆ, ಹಾಸ್ಟೆಲಿನಲ್ಲಿ ಜಾಗ ಯಾರಿಗೆ ಸಿಗುತ್ತದೆ, ಮೆಡಿಕಲ್ ಸೀಟಿನ ಬೆಲೆ ಎಷ್ಟು, ಹುದ್ದೆಗೆ ಯಾರನ್ನು ತೆಗೆದುಕೊಳ್ಳಲಾಗುತ್ತದೆ ಎಂಬ ತೀರ್ಮಾನಗಳೇ ಅದನ್ನು ನಿರ್ಧರಿಸುತ್ತವೆ. ಇವೆಲ್ಲ ರಾಜಕೀಯ ತೀರ್ಮಾನಗಳು. ಶಾಲೆಯ ಜೊತೆಗೆ ಇವುಗಳೂ ಬಂದಾಗ ಅಂತರ ಕಿರಿದಾಗಿದೆ. ಬರೀ ಶಾಲೆ ಬಂದಾಗ ಅಂತರ ಮುಂದಿನ ಹಂತಕ್ಕೆ ಸರಿದಿದೆ. ಕರ್ನಾಟಕದ ಕಳೆದ ನೂರು ವರ್ಷಗಳ ಚರಿತ್ರೆಯಲ್ಲಿ ಈ ಎರಡಕ್ಕೂ ಪುರಾವೆ ಇದೆ.

ಪದವಿ ಎಲ್ಲರ ಕೈಗೆ ಬಂದಾಗ

ಮೊದಲು ಅರ್ಥಶಾಸ್ತ್ರಜ್ಞರ ಮಾತು ಕೇಳೋಣ. 1960ರ ದಶಕದಲ್ಲಿ ಅಮೆರಿಕದ ಥಿಯೋಡರ್ ಶುಲ್ಟ್ಸ್ ಮತ್ತು ಗ್ಯಾರಿ ಬೆಕರ್ ‘ಮಾನವ ಬಂಡವಾಳ’ ಎಂಬ ಸಿದ್ಧಾಂತವನ್ನು ಬೆಳೆಸಿದರು. ಓದು ಮನುಷ್ಯನ ದುಡಿಮೆಯ ಸಾಮರ್ಥ್ಯವನ್ನು ಹೆಚ್ಚಿಸುತ್ತದೆ, ಸಾಮರ್ಥ್ಯ ಹೆಚ್ಚಿದರೆ ಸಂಬಳ ಹೆಚ್ಚುತ್ತದೆ, ಎಲ್ಲರೂ ಓದಿದರೆ ಎಲ್ಲರ ಆದಾಯವೂ ಏರುತ್ತದೆ ಎನ್ನುವುದು ಅದರ ತಿರುಳು. ಇಬ್ಬರಿಗೂ ಮುಂದೆ ನೊಬೆಲ್ ಬಂತು. ಜಗತ್ತಿನ ಬಹುಪಾಲು ಸರ್ಕಾರಗಳು ಇಂದಿಗೂ ಇದೇ ನಂಬಿಕೆಯ ಮೇಲೆ ಶಿಕ್ಷಣ ನೀತಿ ರೂಪಿಸುತ್ತವೆ.

1973ರಲ್ಲಿ ಮೈಕೆಲ್ ಸ್ಪೆನ್ಸ್ ಇದಕ್ಕೆ ಬೇರೊಂದು ಮುಖ ತೋರಿಸಿದರು. ಕೆಲಸ ಕೊಡುವವನಿಗೆ ಅಭ್ಯರ್ಥಿಯ ಸಾಮರ್ಥ್ಯ ನೇರವಾಗಿ ಕಾಣುವುದಿಲ್ಲ. ಅವನು ನೋಡುವುದು ಪದವಿಯ ಕಾಗದವನ್ನು. ಹಾಗಾಗಿ ಪದವಿ ಕಲಿಕೆಯ ಫಲ ಮಾತ್ರವಲ್ಲ, ನೂರು ಜನರಲ್ಲಿ ಒಬ್ಬನನ್ನು ಬೇರೆಯಾಗಿ ತೋರಿಸುವ ಗುರುತೂ ಹೌದು. ಗುರುತಿನ ಬೆಲೆ ಇರುವುದು ಅದು ಎಲ್ಲರ ಬಳಿ ಇಲ್ಲದಿದ್ದಾಗ ಮಾತ್ರ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಮಾಸ್ತರಿಕೆ ಸಿಗುತ್ತಿದ್ದ ಕಾಲ ನಮ್ಮ ಹಿರಿಯರಿಗೆ ನೆನಪಿದೆ. ಇಂದು ಅದೇ ಕೆಲಸಕ್ಕೆ ಎಂ.ಎ., ಬಿ.ಎಡ್. ಮಾಡಿದವರು ಸಾಲುಗಟ್ಟುತ್ತಾರೆ. ಬ್ರಿಟನ್ನಿನ ರೊನಾಲ್ಡ್ ಡೋರ್ 1976ರಲ್ಲೇ ಈ ಪಿಡುಗಿನ ಬಗ್ಗೆ ಒಂದು ಪುಸ್ತಕ ಬರೆದರು. ಕೈಗಾರಿಕೀಕರಣಕ್ಕೆ ತಡವಾಗಿ ಬಂದ ದೇಶಗಳಲ್ಲಿ ಪದವಿಯ ಬೆನ್ನು ಹತ್ತುವ ಓಟ ಇನ್ನೂ ತೀವ್ರವಾಗಿರುತ್ತದೆ ಎಂದು ಅವರು ತೋರಿಸಿದರು. ಓದಿದವರಿಗೆ ತಕ್ಕ ಉದ್ಯೋಗಗಳು ಹುಟ್ಟುವ ವೇಗಕ್ಕಿಂತ ಪದವೀಧರರು ಹುಟ್ಟುವ ವೇಗ ಹೆಚ್ಚಿದರೆ ಏನಾಗುತ್ತದೆ ಎನ್ನುವುದು ನಮ್ಮ ದೇಶದ ಉದ್ಯೋಗ ಸಮೀಕ್ಷೆಗಳಲ್ಲಿ ವರ್ಷ ವರ್ಷವೂ ಕಾಣುತ್ತದೆ: ನಿರುದ್ಯೋಗದ ಪ್ರಮಾಣ ಅನಕ್ಷರಸ್ಥರಿಗಿಂತ ಪದವೀಧರರಲ್ಲಿ ಹಲವು ಪಟ್ಟು ಹೆಚ್ಚು. ಓದದ ಬಡವ ನಿರುದ್ಯೋಗಿಯಾಗಿ ಕೂರುವಂತಿಲ್ಲ, ಸಿಕ್ಕ ಕೂಲಿಗೆ ಹೋಗಲೇಬೇಕು. ಓದಿದ ಬಡವ ಕಾಯುತ್ತಾನೆ, ಕಾದು ಕಾದು ಕೊನೆಗೆ ಓದಿಗಿಂತ ಕೆಳಗಿನ ಕೆಲಸಕ್ಕೆ ಒಪ್ಪಿಕೊಳ್ಳುತ್ತಾನೆ.

ಫ್ರೆಡ್ ಹಿರ್ಷ್ ಎಂಬ ಅರ್ಥಶಾಸ್ತ್ರಜ್ಞ 1976ರಲ್ಲಿ ಇದಕ್ಕೊಂದು ಸರಳ ಉದಾಹರಣೆ ಕೊಟ್ಟರು. ನಮ್ಮ ಜಾತ್ರೆಗೆ ಹೊಂದಿಸಿ ಹೇಳಿದರೆ ಅದು ಹೀಗೆ: ತೇರು ನೋಡಲು ಮುಂದಿನ ಸಾಲಿನವರು ತುದಿಗಾಲಲ್ಲಿ ನಿಂತರೆ ಹಿಂದಿನವರೂ ನಿಲ್ಲಲೇಬೇಕು, ಎಲ್ಲರ ಕಾಲೂ ನೋಯುತ್ತದೆ, ಯಾರಿಗೂ ಮೊದಲಿಗಿಂತ ಚೆನ್ನಾಗಿ ಕಾಣುವುದಿಲ್ಲ. ಹಾಗೆಂದು ಒಬ್ಬನೇ ಕಾಲು ಕೆಳಗಿಟ್ಟರೆ ಅವನಿಗೆ ಏನೂ ಕಾಣದು. ಓದದಿದ್ದರೆ ನಿಮಗೆ ಈಗ ಇರುವುದೂ ಇರುತ್ತಿರಲಿಲ್ಲ. ಓದಿದ್ದರಿಂದ ಅಂತರ ಹೋಗಲಿಲ್ಲ ಎಂಬುದೂ ನಿಜವೇ. ಈ ಎರಡು ಮಾತುಗಳು ಒಂದನ್ನೊಂದು ಸುಳ್ಳು ಮಾಡುವುದಿಲ್ಲ.

ಮನೆಯಿಂದ ಬರುವ ಆಸ್ತಿ

ಸಮಾಜಶಾಸ್ತ್ರಜ್ಞರು ಇನ್ನೂ ಒಂದು ಹೆಜ್ಜೆ ಒಳಗೆ ಹೋಗಿ ನೋಡಿದರು. 1966ರಲ್ಲಿ ಅಮೆರಿಕದ ಜೇಮ್ಸ್ ಕೋಲ್ಮನ್ ಸುಮಾರು ಆರು ಲಕ್ಷ ಮಕ್ಕಳ ಅಧ್ಯಯನವನ್ನು ಸರ್ಕಾರಕ್ಕೆ ಒಪ್ಪಿಸಿದರು. ಕಟ್ಟಡ, ಪ್ರಯೋಗಾಲಯ, ಪುಸ್ತಕಗಳಲ್ಲಿನ ವ್ಯತ್ಯಾಸವೇ ಮಕ್ಕಳ ಕಲಿಕೆಯ ವ್ಯತ್ಯಾಸಕ್ಕೆ ಕಾರಣ ಎಂದು ಎಲ್ಲರೂ ನಿರೀಕ್ಷಿಸಿದ್ದರು. ಫಲಿತಾಂಶ ಬೇರೆಯೇ ಆಗಿತ್ತು: ಮಗುವಿನ ಮನೆಯ ಸ್ಥಿತಿ ಮತ್ತು ಪಕ್ಕದಲ್ಲಿ ಕೂರುವ ಸಹಪಾಠಿಗಳು ಯಾರು ಎನ್ನುವುದು ಶಾಲೆಯ ಸೌಕರ್ಯಗಳಿಗಿಂತ ಹೆಚ್ಚು ಪರಿಣಾಮ ಬೀರುತ್ತಿದ್ದವು. ಬಡ ದೇಶಗಳಲ್ಲಿ ಚಿತ್ರ ಸ್ವಲ್ಪ ಬೇರೆ. 1983ರಲ್ಲಿ ಹೈನ್‌ಮನ್ ಮತ್ತು ಲಾಕ್ಸ್‌ಲಿ 29 ದೇಶಗಳ ಅಂಕಿಅಂಶ ಹೋಲಿಸಿ, ದೇಶ ಬಡವಾದಷ್ಟೂ ಶಾಲೆ ಮತ್ತು ಶಿಕ್ಷಕರ ಗುಣಮಟ್ಟದ ಪ್ರಭಾವ ಹೆಚ್ಚು ಎಂದು ತೋರಿಸಿದರು. ನಮ್ಮಂಥ ಕಡೆ ಒಳ್ಳೆಯ ಶಾಲೆಗೆ ಹೆಚ್ಚು ಶಕ್ತಿ ಇದೆ ಎಂಬ ಈ ತಿದ್ದುಪಡಿ ನಮಗೆ ಬಹಳ ಮುಖ್ಯ.

ಫ್ರಾನ್ಸಿನ ಪಿಯರ್ ಬೂರ್ದ್ಯೂ ಮನೆಯಿಂದ ಬರುವ ಈ ಅನುಕೂಲವನ್ನು ‘ಸಾಂಸ್ಕೃತಿಕ ಬಂಡವಾಳ’ ಎಂದು ಕರೆದರು. ಬೂರ್ದ್ಯೂ ಹುಟ್ಟಿದ್ದು ಹಳ್ಳಿಯ ಅಂಚೆ ನೌಕರನ ಮನೆಯಲ್ಲಿ. ಜೀವಮಾನವಿಡೀ ಅವರು ಬಿಡಿಸಲು ಹೊರಟ ಪ್ರಶ್ನೆ ನಿಮ್ಮದಕ್ಕೆ ತೀರ ಹತ್ತಿರದ್ದು: ಪರೀಕ್ಷೆ ಎಲ್ಲರಿಗೂ ಒಂದೇ ಆಗಿದ್ದರೂ ಗೆಲ್ಲುವವರು ಏಕೆ ಮತ್ತೆ ಮತ್ತೆ ಅದೇ ಮನೆಗಳವರು? ಮಾತಿನ ಧಾಟಿ, ಪುಸ್ತಕಗಳ ಪರಿಚಯ, ಅಧಿಕಾರಿಯ ಮುಂದೆ ಅಳುಕದೆ ನಿಲ್ಲುವ ಅಭ್ಯಾಸ, ಯಾವ ಕೋರ್ಸಿಗೆ ಮುಂದೆ ಬೆಲೆ ಬರುತ್ತದೆ ಎಂಬ ಅರಿವು ಇವು ಯಾವ ಪಠ್ಯದಲ್ಲೂ ಇಲ್ಲ. ಮನೆಯಲ್ಲಿ ತಾನಾಗಿ ಸಿಗುತ್ತವೆ. ಶಾಲೆ ಇವನ್ನೇ ಅಳೆದು ‘ಪ್ರತಿಭೆ’ ಎಂದು ಪ್ರಮಾಣಪತ್ರ ಕೊಡುತ್ತದೆ. ಆನುವಂಶಿಕ ಆಸ್ತಿ ಹೀಗೆ ಸ್ವಂತ ಯೋಗ್ಯತೆಯಾಗಿ ಕಾಣತೊಡಗುತ್ತದೆ. ಸೋತ ಮಗು ತನ್ನನ್ನೇ ದಡ್ಡ ಎಂದುಕೊಳ್ಳುತ್ತದೆ. ಈ ವ್ಯವಸ್ಥೆ ಮಾಡುವ ಅತಿ ದೊಡ್ಡ ಅನ್ಯಾಯ ಇದೇ ಎಂದು ನನಗನ್ನಿಸುತ್ತದೆ.

ಎಲ್ಲರಿಗೂ ಶಾಲೆ ಸಿಕ್ಕ ಮೇಲೆ ಏನಾಗುತ್ತದೆ? ಐರ್ಲೆಂಡಿನ ದಾಖಲೆಗಳನ್ನು ಅಧ್ಯಯನ ಮಾಡಿದ ರಾಫ್ಟರಿ ಮತ್ತು ಹೌಟ್ 1993ರಲ್ಲಿ ಒಂದು ನಿಯಮ ಮುಂದಿಟ್ಟರು: ಒಂದು ಹಂತದ ಶಿಕ್ಷಣದಲ್ಲಿ ಮೇಲ್ವರ್ಗದ ಮಕ್ಕಳೆಲ್ಲರೂ ತುಂಬಿಕೊಂಡ ಮೇಲೆಯೇ ಆ ಹಂತದಲ್ಲಿ ಅಸಮಾನತೆ ಕುಗ್ಗುತ್ತದೆ, ಅಷ್ಟರಲ್ಲಿ ಸ್ಪರ್ಧೆ ಮೇಲಿನ ಹಂತಕ್ಕೆ ಏರಿರುತ್ತದೆ. 2001ರಲ್ಲಿ ಸ್ಯಾಮ್ಯುಯೆಲ್ ಲೂಕಾಸ್ ಇದಕ್ಕೆ ಇನ್ನೊಂದನ್ನು ಸೇರಿಸಿದರು: ಮೇಲಿನ ಹಂತ ಇಲ್ಲದಿದ್ದರೆ ಅದೇ ಹಂತದಲ್ಲಿ ಗುಣಮಟ್ಟದ ಭೇದ ಹುಟ್ಟಿಕೊಳ್ಳುತ್ತದೆ. ನಮ್ಮ ರಾಜ್ಯವನ್ನೇ ನೋಡಿ. ಪ್ರಾಥಮಿಕ ಶಾಲೆ ಎಲ್ಲರಿಗೂ ಬಂದಾಗ ಅಂತರ ಹೈಸ್ಕೂಲಿಗೆ ಹೋಯಿತು. ಹೈಸ್ಕೂಲು ಬಂದಾಗ ಪಿಯುಸಿಗೆ ಹೋಯಿತು. ಪಿಯುಸಿ ಬಂದಾಗ ಕಲಾ ವಿಭಾಗಕ್ಕೂ ವಿಜ್ಞಾನಕ್ಕೂ ನಡುವೆ ಬಂತು. ವಿಜ್ಞಾನ ಸಿಕ್ಕಿದವರ ನಡುವೆ ಕನ್ನಡ ಮಾಧ್ಯಮಕ್ಕೂ ಇಂಗ್ಲಿಷ್ ಮಾಧ್ಯಮಕ್ಕೂ, ಬರೀ ಕಾಲೇಜಿಗೂ ಲಕ್ಷಗಟ್ಟಲೆ ಶುಲ್ಕದ ನೀಟ್ ಕೋಚಿಂಗಿಗೂ ನಡುವೆ ಬಂತು. ನೀವು ಎಂ.ಎ. ಮಾಡಿದಿರಿ, ಆ ಮನೆಯ ಮೊಮ್ಮಗ ಎಂ.ಬಿ.ಬಿ.ಎಸ್. ಮಾಡಿದ. ಓದಿದ ವರ್ಷಗಳನ್ನು ಎಣಿಸಿದರೆ ಇಬ್ಬರಿಗೂ ಹೆಚ್ಚು ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಯಾವ ಓದು ಎಂಬಲ್ಲಿ.

ರಾಜಕೀಯ ಕೈ ಹಾಕಿದಾಗ

ಹಾಗಾದರೆ ಈ ನಿಯಮಕ್ಕೆ ಅಪವಾದವೇ ಇಲ್ಲವೇ? ಇದೆ. ನಮ್ಮಲ್ಲೇ ಇದೆ.

1911ರಲ್ಲಿ ಗೋಪಾಲಕೃಷ್ಣ ಗೋಖಲೆ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಸಾಮ್ರಾಜ್ಯದ ಶಾಸನ ಸಭೆಯಲ್ಲಿ ಮಂಡಿಸಿದರು. ಬ್ರಿಟಿಷ್ ಅಧಿಕಾರಿಗಳು ಹಣವಿಲ್ಲ ಎಂದರು. ದೊಡ್ಡ ಜಮೀನ್ದಾರರಿಗೂ ಅದು ಬೇಡವಾಗಿತ್ತು. ಮಾರನೆಯ ವರ್ಷ ಮಸೂದೆ 38 ಮತಗಳಿಗೆ 13ರಂತೆ ಸೋತಿತು. ಬರೋಡಾ ಸಂಸ್ಥಾನ 1906ರಲ್ಲೇ ಕಡ್ಡಾಯ ಶಿಕ್ಷಣ ತಂದಿತ್ತು. ಮೈಸೂರು 1913ರಲ್ಲಿ ತನ್ನದೇ ಕಾನೂನು ಮಾಡಿತು. ಹಣದ ಕೊರತೆ ಎಲ್ಲರಿಗೂ ಇತ್ತು, ಇಚ್ಛೆ ಮಾತ್ರ ಕೆಲವರಿಗೆ ಇತ್ತು. ಅಮೆರಿಕದ ರಾಜಕೀಯಶಾಸ್ತ್ರಜ್ಞ ಮೈರನ್ ವೀನರ್ 1991ರಲ್ಲಿ ಭಾರತದ ಬಾಲಕಾರ್ಮಿಕ ಪದ್ಧತಿ ಕುರಿತು ಬರೆಯುತ್ತಾ ಇದೇ ತೀರ್ಮಾನಕ್ಕೆ ಬಂದರು: ಭಾರತ ತನ್ನ ಮಕ್ಕಳನ್ನೆಲ್ಲ ಶಾಲೆಗೆ ಕಳಿಸದಿರುವುದಕ್ಕೆ ಬಡತನಕ್ಕಿಂತ ದೊಡ್ಡ ಕಾರಣ, ಬಡವರ ಮಕ್ಕಳು ದುಡಿಯುವುದೇ ಸಹಜ ಎಂಬ ಉಳ್ಳವರ ಭಾವನೆ. ಹತ್ತು ವರ್ಷಗಳೊಳಗೆ 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಎಂದು ಸಂವಿಧಾನದ 45ನೇ ವಿಧಿ ಹೇಳಿತ್ತು. ಅಂದರೆ 1960ರೊಳಗೆ. ಅದನ್ನು ಹಕ್ಕಾಗಿಸಿದ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು.

ಮೈಸೂರು ಸಂಸ್ಥಾನದಲ್ಲಿ ಶಾಲೆಗಳೂ 1916ರ ವಿಶ್ವವಿದ್ಯಾಲಯವೂ ಇದ್ದವು. ಆದರೂ ಮೇಲ್ದರ್ಜೆಯ ಸರ್ಕಾರಿ ಹುದ್ದೆಗಳಲ್ಲಿ ಬಹುಪಾಲು, ಜನಸಂಖ್ಯೆಯಲ್ಲಿ ಶೇ. 5ಕ್ಕಿಂತ ಕಡಿಮೆ ಇದ್ದ ಬ್ರಾಹ್ಮಣ ಸಮುದಾಯದ ಬಳಿ ಇತ್ತು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು; ಹಿಂದುಳಿದ ಸಮುದಾಯಗಳ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರ ಬಳಿ ಮನವಿ ಒಯ್ದರು. 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಏಳು ವರ್ಷಗಳಲ್ಲಿ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಹೋಗಬೇಕು ಎಂದು 1919ರ ವರದಿ ಹೇಳಿತು. ದಕ್ಷತೆಗೆ ಧಕ್ಕೆಯಾಗುತ್ತದೆ ಎಂದು ದಿವಾನ್ ವಿಶ್ವೇಶ್ವರಯ್ಯನವರು ಈ ದಾರಿಯನ್ನು ಒಪ್ಪಿರಲಿಲ್ಲ, ವರದಿ ಬರುವ ಮೊದಲೇ ಹುದ್ದೆಯಿಂದ ಕೆಳಗಿಳಿದಿದ್ದರು. ರಾಜ್ಯದ ಶಿಕ್ಷಣಕ್ಕೆ ಅಷ್ಟು ಮಾಡಿದ ಮನುಷ್ಯನಿಗೂ ಮಹಾರಾಜರಿಗೂ ನಡುವೆ ಇದ್ದ ಭಿನ್ನಾಭಿಪ್ರಾಯ ಇಂದಿಗೂ ಜೀವಂತವಾಗಿದೆ: ಶಾಲೆಯನ್ನು ತೆರೆದಿಟ್ಟರೆ ಸಾಕೇ, ಅಥವಾ ಅದರಾಚೆಗಿನ ಬಾಗಿಲನ್ನೂ ತೆರೆಯಬೇಕೇ? ಮಹಾರಾಜರು ಎರಡನೆಯದನ್ನು ಆರಿಸಿದರು. ಕೆಲಸದ ಭರವಸೆ ಇದ್ದಾಗ ರೈತನೊಬ್ಬ ಮಗನನ್ನು ಹೈಸ್ಕೂಲಿಗೆ ಕಳಿಸಲು ಕಾರಣ ಸಿಗುತ್ತದೆ. ಓದಿದರೂ ಒಳಗೆ ಬಿಡುವುದಿಲ್ಲ ಎಂದು ಗೊತ್ತಿದ್ದರೆ ಯಾರು ಹೊಲ ಅಡವಿಟ್ಟು ಓದಿಸುತ್ತಾರೆ?

ಎರಡನೆಯ ಉದಾಹರಣೆ 1970ರ ದಶಕದ್ದು. ದೇವರಾಜ ಅರಸು ಅವರ ಸರ್ಕಾರ 1972ರಲ್ಲಿ ಹಿಂದುಳಿದ ವರ್ಗಗಳ ಕುರಿತು ಎಲ್.ಜಿ. ಹಾವನೂರು ಆಯೋಗ ನೇಮಿಸಿತು, 1974ರಲ್ಲಿ ಗೇಣಿ ಪದ್ಧತಿ ರದ್ದು ಮಾಡುವ ಭೂಸುಧಾರಣಾ ತಿದ್ದುಪಡಿಯನ್ನು ಜಾರಿಗೆ ತಂದಿತು, 1975ರಲ್ಲಿ ಹಾವನೂರು ವರದಿ ಬಂತು, ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಬೆಳೆದವು. ಭೂಮಿ, ಹಾಸ್ಟೆಲ್, ಮೀಸಲಾತಿ ಮೂರೂ ಒಟ್ಟಿಗೆ ಬಂದವು ಎನ್ನುವುದೇ ಇಲ್ಲಿ ಮುಖ್ಯ. ಇದರ ಫಲ ಅತಿ ಚೆನ್ನಾಗಿ ಕಂಡದ್ದು ಕರಾವಳಿಯಲ್ಲಿ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಾಗಿನಿಂದ ಅಲ್ಲಿ ಶಾಲೆಗಳ ಪರಂಪರೆ ಬೆಳೆದಿತ್ತು. ಕುದ್ಮುಲ್ ರಂಗರಾಯರು 1892ರಲ್ಲೇ ದಲಿತ ಮಕ್ಕಳಿಗೆ ಶಾಲೆ ತೆರೆದಿದ್ದರು. ಆದರೆ ಉಳುವವನ ಹೊಲ ಅವನದಾಗಿರಲಿಲ್ಲ. ಗೇಣಿದಾರ ಒಡೆಯನಾದ ಮೇಲೆ ಒಡೆಯನ ಮನೆಗೆ ಹೋಗುತ್ತಿದ್ದ ಅಕ್ಕಿ ತನ್ನ ಮನೆಯಲ್ಲೇ ಉಳಿಯಿತು, ಮಕ್ಕಳು ಕಾಲೇಜಿಗೆ ಹೋಗಲು ಸಾಧ್ಯವಾಯಿತು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88ನ್ನು ದಾಟಿತ್ತು.

ಅದೇ ಜನಗಣತಿಯಲ್ಲಿ ನಿಮ್ಮ ರಾಯಚೂರಿನದು ಸುಮಾರು ಶೇ. 60, ಯಾದಗಿರಿಯದು ಸುಮಾರು ಶೇ. 52. ಇದಕ್ಕೂ ಕಾರಣ ಚರಿತ್ರೆಯಲ್ಲಿದೆ. ನಿಜಾಮರ ಆಳ್ವಿಕೆಯಲ್ಲಿ ಆಡಳಿತದ ಮತ್ತು ಮೇಲಿನ ಓದಿನ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಅದೇ. ಕನ್ನಡದ ಮಗು ಓದಬೇಕೆಂದರೆ ಮೊದಲು ಮನೆಯಲ್ಲಿಲ್ಲದ ಭಾಷೆಯನ್ನು ಗೆಲ್ಲಬೇಕಿತ್ತು. ಮೈಸೂರಿಗೆ 1916ರಲ್ಲಿ ವಿಶ್ವವಿದ್ಯಾಲಯ ಬಂದರೆ ಕಲಬುರಗಿಗೆ ಬಂದದ್ದು 1980ರಲ್ಲಿ. ಏಕೀಕರಣವಾಗಿ ನಾಲ್ಕು ದಶಕ ದಾಟಿದ ಮೇಲೆ, 2002ರಲ್ಲಿ, ಡಿ.ಎಂ. ನಂಜುಂಡಪ್ಪ ಸಮಿತಿ 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಲೆಕ್ಕ ಕೊಟ್ಟಿತು. ಆಮೇಲೆ ಹೋರಾಟದಿಂದ ಸಂವಿಧಾನದ 371ಜೆ ವಿಧಿ ಬಂತು. ಇಂದು ನಿಮ್ಮ ಭಾಗದ ವಿದ್ಯಾರ್ಥಿಗೆ ತನ್ನ ಪ್ರದೇಶದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟುಗಳ ಮೀಸಲಿದೆ. ಅಂತರ ಹೇಗೆ ಹುಟ್ಟಿತೋ ಹಾಗೆಯೇ, ಅಂದರೆ ಆಳುವವರ ತೀರ್ಮಾನದಿಂದಲೇ, ಅದನ್ನು ಕಿರಿದು ಮಾಡುವ ಪ್ರಯತ್ನ ನಡೆದಿದೆ.

ಸೀಟು ಮಾರಾಟಕ್ಕೆ ಬಂದಾಗ

ಇದೇ ರಾಜಕೀಯ ವಿರುದ್ಧ ದಿಕ್ಕಿನಲ್ಲೂ ಕೆಲಸ ಮಾಡಿದೆ. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳಿಗೆ ಕರ್ನಾಟಕ ದೇಶಕ್ಕೇ ಮೊದಲ ಪಾಠಶಾಲೆ. ಮಣಿಪಾಲದಲ್ಲಿ 1953ರಲ್ಲಿ ಶುರುವಾದ ಮಾದರಿ ಮುಂದೆ ರಾಜ್ಯವಿಡೀ ಹರಡಿತು. ಸರ್ಕಾರ ತಾನೇ ಕಟ್ಟಲಾಗದಷ್ಟು ಕಾಲೇಜುಗಳು ಎದ್ದವು, ಸಾವಿರಾರು ಇಂಜಿನಿಯರುಗಳು, ವೈದ್ಯರು ತಯಾರಾದರು. ಹಲವು ಮಠಗಳು, ಸಮುದಾಯ ಸಂಘಗಳು ಹಿಂದುಳಿದವರಿಗೂ ಜಾಗ ಮಾಡಿಕೊಟ್ಟವು. ಆದರೆ ಅದರ ಜೊತೆಗೇ ಕ್ಯಾಪಿಟೇಷನ್ ಶುಲ್ಕವೂ ಬಂತು. 1984ರಲ್ಲಿ ಅದನ್ನು ನಿಷೇಧಿಸುವ ಕಾಯ್ದೆ ಬಂದರೂ 1989ರ ಸರ್ಕಾರಿ ಅಧಿಸೂಚನೆಯ ಪ್ರಕಾರ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂ., ಉಳಿದ ಕನ್ನಡಿಗರಿಗೆ 25,000 ರೂ.ವರೆಗೆ, ಹೊರರಾಜ್ಯದವರಿಗೆ 60,000 ರೂ.ವರೆಗೆ ಶುಲ್ಕ ಇತ್ತು. ಹೊರರಾಜ್ಯದ ವಿದ್ಯಾರ್ಥಿನಿಯೊಬ್ಬರು ಇದನ್ನು ಪ್ರಶ್ನಿಸಿದಾಗ, ಶಿಕ್ಷಣ ಹಕ್ಕು, ಮಾರುವ ಸರಕಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 1992ರಲ್ಲಿ ತಳೆಯಿತು. ಹತ್ತು ವರ್ಷದ ನಂತರ, 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ, ಅನುದಾನ ಪಡೆಯದ ಕಾಲೇಜುಗಳಿಗೆ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟಿತು. ಎರಡೂ ಕರ್ನಾಟಕದ ಪ್ರಕರಣಗಳೇ. ನಿಮ್ಮೂರಿನ ಎರಡು ಮನೆಗಳ ನಡುವಿನ ಅಂತರದಲ್ಲಿ ಈ ತೀರ್ಪುಗಳಿಗೂ ಪಾಲಿದೆ.

ಹಣ ಇರುವಲ್ಲಿ ಮಾತ್ರ ಕೆಲವು ಸೀಟು ಸಿಗುತ್ತವೆ ಎಂದಾಗ ಹಣ ಎಲ್ಲಿದೆ ಎಂದು ಕೇಳಲೇಬೇಕು. ಫ್ರಾನ್ಸಿನ ಅರ್ಥಶಾಸ್ತ್ರಜ್ಞ ತೊಮಾ ಪಿಕೆಟಿ ಮತ್ತು ಅವರ ಸಂಗಡಿಗರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2022-23ರಲ್ಲಿ ಭಾರತದ ಒಟ್ಟು ಆದಾಯದ ಶೇ. 22.6 ಮತ್ತು ಒಟ್ಟು ಸಂಪತ್ತಿನ ಶೇ. 40.1 ಭಾಗ ಅತಿ ಮೇಲಿನ ಶೇ. 1 ಜನರ ಬಳಿ ಇತ್ತು. ಆದಾಯದ ಈ ಪಾಲು 1922ರಿಂದ ದೊರೆಯುವ ಲೆಕ್ಕದಲ್ಲೇ ಅತ್ಯಧಿಕ. ಹಣ ಹೀಗೆ ಮೇಲೆ ಶೇಖರವಾದಷ್ಟೂ ಮುಂದಿನ ತಲೆಮಾರಿಗೆ ಓದನ್ನು ಕೊಂಡುಕೊಡುವ ಶಕ್ತಿಯೂ ಅಲ್ಲೇ ಶೇಖರವಾಗುತ್ತದೆ.

ಉಳ್ಳವರು ಹೊರಟುಹೋದಾಗ

ಇನ್ನೊಂದು ಸೂಕ್ಷ್ಮ ವಿಷಯ ಇದೆ. 1970ರಲ್ಲಿ ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞ, ಸಂಸ್ಥೆಯೊಂದು ಕೆಟ್ಟಾಗ ಜನ ಎರಡರಲ್ಲಿ ಒಂದು ಮಾಡುತ್ತಾರೆ ಎಂದು ಬರೆದರು: ಬಿಟ್ಟು ಹೋಗುತ್ತಾರೆ, ಇಲ್ಲವೇ ಉಳಿದು ದನಿ ಎತ್ತುತ್ತಾರೆ. ಸರ್ಕಾರಿ ಶಾಲೆಯನ್ನೇ ಉದಾಹರಣೆ ತೆಗೆದುಕೊಂಡು ಅವರು ಹೇಳಿದ್ದು ಇದು: ಗುಣಮಟ್ಟದ ಬಗ್ಗೆ ಹೆಚ್ಚು ಕಾಳಜಿ ಇರುವ ಪೋಷಕರೇ ಮೊದಲು ಬಿಟ್ಟು ಹೋಗುತ್ತಾರೆ. ಅವರ ಜೊತೆ ಶಾಲೆಯ ದನಿಯೂ ಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ಆದದ್ದು ಇದೇ. ಒಂದು ಕಾಲದಲ್ಲಿ ಗೌಡರ ಮಗನೂ ತಳವಾರರ ಮಗನೂ ಒಂದೇ ಶಾಲೆಗೆ ಬರುತ್ತಿದ್ದರು. ಜಾತಿಯ ಅವಮಾನ ಅಲ್ಲಿಯೂ ಇತ್ತು, ಅದನ್ನು ಮುಚ್ಚಿಡಬಾರದು. ಆದರೆ ಮಾಸ್ತರರು ಬಾರದಿದ್ದರೆ ತಾಲ್ಲೂಕು ಕಚೇರಿಗೆ ಹೋಗಿ ಕೇಳುವ ಶಕ್ತಿ ಇದ್ದವರ ಮಗು ಆ ಶಾಲೆಯಲ್ಲಿತ್ತು. ಇಂದು ಆ ಮಗು ಹಳದಿ ವ್ಯಾನಿನಲ್ಲಿ ಪಟ್ಟಣದ ಶಾಲೆಗೆ ಹೋಗುತ್ತದೆ. ಶಾಸಕರ, ಅಧಿಕಾರಿಗಳ, ಅನೇಕ ಸರ್ಕಾರಿ ಶಿಕ್ಷಕರ ಮಕ್ಕಳೂ ಅಲ್ಲೇ. ಉಳಿದಿರುವುದು ಕೇಳುವ ಶಕ್ತಿ ಕಡಿಮೆ ಇರುವವರ ಮಕ್ಕಳು.

ಇದನ್ನು ಸರಿಪಡಿಸಲು ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ. 25 ಸೀಟುಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಮೀಸಲಿಟ್ಟಿತು. ಅಕ್ಕಪಕ್ಕದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಈ ಸೀಟು ಇಲ್ಲ ಎಂದು 2019ರಿಂದ ಕರ್ನಾಟಕ ನಿಯಮ ಬದಲಿಸಿತು. ಸರ್ಕಾರಿ ಶಾಲೆಗಳು ಖಾಲಿಯಾಗುತ್ತಿವೆ ಎಂಬ ಆತಂಕ ನಿಜವೇ. ಆದರೆ ಹೊರಹೋಗುವ ಬಾಗಿಲನ್ನು ಬಡವರಿಗೆ ಮಾತ್ರ ಮುಚ್ಚಿದರೆ ಸರ್ಕಾರಿ ಶಾಲೆ ಉತ್ತಮವಾಗುವುದಿಲ್ಲ. ಉಳ್ಳವರ ಮಗುವೂ ಬರುವಂಥ ಶಾಲೆ ಕಟ್ಟಬೇಕು. ಇಂಗ್ಲಿಷ್ ಕಲಿಕೆಯ ವಿಷಯದಲ್ಲೂ ಇದೇ ಮಾತು. ನಾಲ್ಕನೇ ತರಗತಿವರೆಗೆ ಮಾತೃಭಾಷಾ ಮಾಧ್ಯಮ ಕಡ್ಡಾಯ ಎಂಬ 1994ರ ಆದೇಶವನ್ನು ಸುಪ್ರೀಂ ಕೋರ್ಟ್ 2014ರಲ್ಲಿ ತಳ್ಳಿಹಾಕಿತು. 2019-20ರಿಂದ ಸರ್ಕಾರವೇ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಮಗು ತನ್ನ ಭಾಷೆಯಲ್ಲಿ ಚೆನ್ನಾಗಿ ಕಲಿಯುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಕನ್ನಡದಲ್ಲಿ ಓದಿದವರಿಗೆ ಮುಂದೆ ಕೆಲಸ ಸಿಗುತ್ತದೆ ಎಂಬ ಭರವಸೆ ಕೊಡದೆ ಬಡವರನ್ನಷ್ಟೇ ಕನ್ನಡ ಉಳಿಸಿ ಎಂದು ಕೇಳುವುದು ನ್ಯಾಯವಲ್ಲ.

ಇಷ್ಟೆಲ್ಲ ಇದ್ದರೂ ಚುನಾವಣೆಯಲ್ಲಿ ಶಾಲೆ ಏಕೆ ದೊಡ್ಡ ವಿಷಯವಾಗುವುದಿಲ್ಲ? 1950-60ರ ದಶಕಗಳಲ್ಲಿ ಫ್ರಾನ್ಸ್, ಬ್ರಿಟನ್, ಅಮೆರಿಕಗಳಲ್ಲಿ ಕಡಿಮೆ ಓದಿದವರು ಎಡಪಂಥೀಯ ಪಕ್ಷಗಳಿಗೆ ಮತ ಹಾಕುತ್ತಿದ್ದರು, ಈಗ ಹೆಚ್ಚು ಓದಿದವರು ಹಾಕುತ್ತಾರೆ ಎಂದು ಪಿಕೆಟಿ ತೋರಿಸಿದ್ದಾರೆ. ಬಡವರ ಪಕ್ಷ ಓದಿದವರ ಪಕ್ಷವಾದಾಗ ಬಡವರ ಸಿಟ್ಟು ಬೇರೆ ಕಡೆ ಹರಿಯಿತು ಎನ್ನುವುದು ಅವರ ವಾದ. ಭಾರತದಲ್ಲಿ ಮತ ಒಡೆಯುವುದು ಆದಾಯ ಅಥವಾ ಓದಿಗಿಂತ ಹೆಚ್ಚಾಗಿ ಜಾತಿ ಮತ್ತು ಧರ್ಮದ ಗೆರೆಗಳಲ್ಲಿ ಎಂದು ಅವರು ಅಭಿಜಿತ್ ಬ್ಯಾನರ್ಜಿ ಮತ್ತು ಅಮೊರಿ ಗೆತಿನ್ ಜೊತೆ ಮಾಡಿದ ಅಧ್ಯಯನ ಹೇಳುತ್ತದೆ. ಜಾತಿಯ ಮೂಲಕ ಹುದ್ದೆ, ಸೀಟು ಕೇಳಲು ಸಂಘಟನೆಗಳಿವೆ. ಎಲ್ಲ ಜಾತಿಯ ಬಡವರ ಮಕ್ಕಳು ಒಟ್ಟಿಗೆ ಕೂರುವ ಶಾಲೆಯ ಪರವಾಗಿ ಕೇಳಲು ಅಷ್ಟು ಬಲವಾದ ಸಂಘಟನೆ ಇಲ್ಲ.

ಏನು ಕೆಲಸ ಮಾಡಿದೆ?

ನಿರಾಶರಾಗಬೇಡಿ. ಭಾರತದಲ್ಲಿ ತಂದೆಯ ಸ್ಥಾನಕ್ಕಿಂತ ಮಗ ಎಷ್ಟು ಮೇಲೇರುತ್ತಾನೆ ಎಂಬುದನ್ನು ಅಳೆದ ಆಶರ್, ನೊವೊಸಾದ್ ಮತ್ತು ರಾಫ್ಕಿನ್ ಅವರ ಅಧ್ಯಯನದಲ್ಲಿ ಒಂದು ಗಮನಾರ್ಹ ಸಂಗತಿ ಇದೆ. ಒಟ್ಟಾರೆ ಚಲನೆ ದಶಕಗಳಿಂದ ಹೆಚ್ಚು ಬದಲಾಗಿಲ್ಲ. ಆದರೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳಲ್ಲಿ ಅದು ಏರಿದೆ, ಮುಸ್ಲಿಮರಲ್ಲಿ ಇಳಿದಿದೆ. ಎಲ್ಲರ ಮುಂದೆಯೂ ಅದೇ ಶಾಲೆಗಳು, ಅದೇ ಮಾರುಕಟ್ಟೆ ಇದ್ದವು. ಮೀಸಲಾತಿ, ವಿದ್ಯಾರ್ಥಿವೇತನ, ಹಾಸ್ಟೆಲ್‌ಗಳ ಬೆಂಬಲ ಇದ್ದ ಕಡೆ ಏರಿಕೆ ಕಂಡಿರುವುದು ಆಕಸ್ಮಿಕ ಎಂದು ನನಗನ್ನಿಸುವುದಿಲ್ಲ.

ಊಟ ಕೆಲಸ ಮಾಡಿದೆ: ಶಾಲೆಯಲ್ಲಿ ಬಿಸಿಯೂಟ ಕೊಡಬೇಕೆಂಬ 2001ರ ಸುಪ್ರೀಂ ಕೋರ್ಟ್ ಆದೇಶದ ಬೆನ್ನಲ್ಲೇ ನಮ್ಮಲ್ಲಿ ಅಕ್ಷರ ದಾಸೋಹ ನಿಮ್ಮ ಭಾಗದ ಜಿಲ್ಲೆಗಳಿಂದಲೇ ಶುರುವಾಯಿತು. ವಸತಿ ಕೆಲಸ ಮಾಡಿದೆ: ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಹೆಸರಿನ ವಸತಿ ಶಾಲೆಗಳು ಮನೆಯಲ್ಲಿಲ್ಲದ ಬೆಳಕು, ಪುಸ್ತಕ, ಓದುವ ಹೊತ್ತನ್ನು ಕೊಡುತ್ತವೆ. ಬೂರ್ದ್ಯೂ ಹೇಳಿದ ಮನೆಯ ಆಸ್ತಿಗೆ ಸರ್ಕಾರ ಕೊಡಬಹುದಾದ ಅತಿ ಹತ್ತಿರದ ಪರ್ಯಾಯ ಇದು. ದಾರಿ ಬಿಟ್ಟುಕೊಡುವ ನಿಯಮವೂ ಕೆಲಸ ಮಾಡಿದೆ. ತಮಿಳುನಾಡು 2020ರಲ್ಲಿ ಮೆಡಿಕಲ್ ಸೀಟುಗಳಲ್ಲಿ ಶೇ. 7.5ನ್ನು ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಮೀಸಲಿಟ್ಟಿತು. ಅದುವರೆಗೆ ಬೆರಳೆಣಿಕೆಯಷ್ಟು ಮಕ್ಕಳು ಒಳಗೆ ಹೋಗುತ್ತಿದ್ದರು, ಒಂದೇ ವರ್ಷದಲ್ಲಿ ನೂರಾರು ಮಕ್ಕಳು ಹೋದರು. ನಮ್ಮ ಸಿಇಟಿಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಿದೆ. ಸರ್ಕಾರಿ ಶಾಲೆಯ ಮಕ್ಕಳಿಗೂ ಅಂಥ ಪಾಲು ಇರಬೇಕೆಂಬ ಬೇಡಿಕೆ ನ್ಯಾಯವಾದದ್ದು. ಫಿನ್ಲೆಂಡ್ 1972ರಿಂದ 1977ರೊಳಗೆ ದೇಶದ ಎಲ್ಲ ಮಕ್ಕಳನ್ನೂ ಒಂಬತ್ತು ವರ್ಷಗಳ ಒಂದೇ ಬಗೆಯ ಶಾಲೆಗೆ ತಂದಿತು. ನಮ್ಮ ಕೊಠಾರಿ ಆಯೋಗ ಅದಕ್ಕೂ ಮೊದಲೇ, 1966ರಲ್ಲಿ, ಸಮಾನ ಶಾಲೆಯನ್ನೂ ರಾಷ್ಟ್ರೀಯ ಆದಾಯದ ಶೇ. 6ನ್ನು ಶಿಕ್ಷಣಕ್ಕೆ ಕೊಡುವುದನ್ನೂ ಶಿಫಾರಸು ಮಾಡಿತ್ತು. ಅವರು ಮಾಡಿದರು, ನಾವು ವರದಿಯನ್ನು ಇಟ್ಟುಕೊಂಡೆವು.

ನೀವು ಶಿಕ್ಷಕರು. ಎರಡು ಮಾತನ್ನು ನಿಮ್ಮ ಮಕ್ಕಳಿಗೆ ಒಟ್ಟಿಗೆ ಹೇಳಿ. ಓದಿ, ಓದದಿದ್ದರೆ ಇರುವುದೂ ಹೋಗುತ್ತದೆ. ಓದಿದ ಮೇಲೂ ಅಂತರ ಉಳಿದರೆ ನಿಮ್ಮನ್ನು ನೀವು ದಡ್ಡರೆಂದುಕೊಳ್ಳಬೇಡಿ, ಕಾರಣ ಕೇಳಿ. ಕೇಳುವ ಜಾಗಗಳು ನಮ್ಮ ಹತ್ತಿರವೇ ಇವೆ. ಪ್ರತಿ ಸರ್ಕಾರಿ ಶಾಲೆಗೂ 2001ರಿಂದ ಪೋಷಕರದೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ. ಗ್ರಾಮಸಭೆ ಇದೆ. ಮುಂದಿನ ಚುನಾವಣೆಯಲ್ಲಿ ಮನೆ ಬಾಗಿಲಿಗೆ ಬಂದವರನ್ನು ಮೂರು ಪ್ರಶ್ನೆ ಕೇಳಬಹುದು: ನಮ್ಮ ಹೋಬಳಿಯ ಹೈಸ್ಕೂಲಿನಲ್ಲಿ ಗಣಿತಕ್ಕೂ ಇಂಗ್ಲಿಷಿಗೂ ಕಾಯಂ ಶಿಕ್ಷಕರು ಇದ್ದಾರೆಯೇ? ಅರ್ಜಿ ಹಾಕಿದ ಎಲ್ಲ ಹುಡುಗಿಯರಿಗೂ ಹಾಸ್ಟೆಲ್ ಸಿಕ್ಕಿದೆಯೇ? ನಿಮ್ಮ ಮಕ್ಕಳು ಯಾವ ಶಾಲೆಯಲ್ಲಿ ಓದುತ್ತಿದ್ದಾರೆ? 1918ರಲ್ಲಿ ಮಹಾರಾಜರ ಬಳಿ ಮನವಿ ಒಯ್ದವರು ಸುಮ್ಮನೆ ಮಕ್ಕಳನ್ನು ಓದಿಸುತ್ತಾ ಕಾದಿದ್ದರೆ ಮಿಲ್ಲರ್ ಸಮಿತಿ ಹುಟ್ಟುತ್ತಿರಲಿಲ್ಲ. ಅವರು ಓದಿಸಿದರು, ಒಟ್ಟಾದರು, ಕೇಳಿದರು. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಆ ಎರಡು ಮನೆಗಳ ಅಂತರ ಕಿರಿದಾಗಬೇಕಾದರೆ ಈ ಮೂರೂ ಕೆಲಸ ಒಟ್ಟಿಗೆ ನಡೆಯಬೇಕು.